ತಂತಿ ಮ್ಯಾಲಿನ ಹೆಸರು

ನಮ್ಮ ಓಣಿಯ ಕಿರಾಣಿ ಅಂಗಡಿ ಮಲ್ಲಪ್ಪ ಮೊನ್ನೆ ನನ್ನ ಚೀಟಿ ಹಿಡಕೊಂಡು ಹಿಂದ ಮುಂದ ಹೊಳ್ಳಿಸಿ ನೋಡಿದ. "ಯಾಕ್ರೀ ಟೀಚರ, ಈ ತಿಂಗಳ ಚೀಟಿ ಹಿಂಗ ಸಪ್ಪಗಾಗೈತಿ?" ಅಂದ. ಚೀಟಿಯಾಗ ಸಪ್ಪಗಾಗೂವಂಥಾದ್ದು ಏನೂ ಇರಲಿಲ್ಲ. ತೊಗರಿಬ್ಯಾಳಿ, ಸಕ್ರಿ, ಚಾಪುಡಿ, ಶೇಂಗಾ, ನಮ್ಮನಿಯವ್ರ ಬಿಸ್ಕೀಟು, ಎಲ್ಲಾ ಎಂದಿನಂಗ ಇತ್ತು. ಆತ ಕೇಳಿದ್ದು ಹಾಳಿ ಬಗ್ಗೆ. ಐದಾರು ತಿಂಗಳಿಂದ ನಮ್ಮನಿ ಕಿರಾಣಿ ಚೀಟಿ ಅಂದ್ರ ಲಗ್ನಪತ್ರಿಕಿ ಇದ್ದಂಗ ಇರತಿತ್ತು. ದಪ್ಪ ಹಾಳಿ. ಒಂದ ಮಗ್ಗಲ ಬೆಳ್ಳಗ, ಇನ್ನೊಂದ ಮಗ್ಗಲ ಥಳಥಳ ಹೊಳಿಯೂ ಚಿತ್ರ. ಚಿತ್ರದಾಗ ಒಂದು ಮಾಳಗಿ ಮನಿ, ಅದಕ್ಕ ಜೋಡಿ ಬಾಗಲ. ಮ್ಯಾಲ ದೊಡ್ಡ ಅಕ್ಷರದಾಗ ‘ಎರಡು ಬಾಗಿಲ ಮನಿ’, ಕೆಳಗ ಸಣ್ಣ ಅಕ್ಷರದಾಗ ನನ್ನ ಹೆಸರು. ಈ ಸಲ ಹೋದದ್ದು ಹೋದ ವರ್ಷದ ಕ್ಯಾಲೆಂಡರಿನ ಬೆನ್ನು.

ಮಲ್ಲಪ್ಪಗ ಏನೋ ಒಂದು ಹೇಳಿ ಜಾರಿಕೊಂಡೆ. ನಿಮ್ಮ ಮುಂದ ಹಂಗ ಜಾರಿಕೊಳ್ಳಾಕ ಆಗಂಗಿಲ್ಲ, ಯಾಕಂದ್ರ ನಾ ಬರದದ್ದನ್ನ ಓದೂ ನಾಕ ಮಂದಿಯೊಳಗ ನೀವೂ ಒಬ್ರು. ಉಳಿದ ಮೂವರೊಳಗ ಇಬ್ರು ನನ್ನ ತಂಗ್ಯಾರು.

ಮೊದಲ ನಮ್ಮ ಅಪ್ಪನ ವಿಷಯ ಹೇಳಬೇಕು. ಬೆಟಗೇರಿಯಾಗ ನಮ್ಮ ಮನಿಗೆ ಓಣಿ ಕಡಿಗೆ ಮಗ್ಗಲ ಮಗ್ಗಲಕ್ಕ ಎರಡು ಬಾಗಲ. ಒಂದು ಮನಿದು, ಇನ್ನೊಂದು ಅಪ್ಪನ ಪ್ರೆಸ್ಸಿಂದು. ಮನಿ ಬಾಗಲದಿಂದ ವಗ್ಗರಣಿ ವಾಸನಿ ಬರತಿತ್ತು, ಪ್ರೆಸ್ಸಿನ ಬಾಗಲದಿಂದ ಶಾಯಿ ಮತ್ತ ಚಿಮಣಿ ಎಣ್ಣಿ ವಾಸನಿ. ಎರಡಕ್ಕೂ ನಡುವ ಒಂದು ಗೋಡಿ. ಅವ್ವ ಅಪ್ಪನ್ನ ಊಟಕ್ಕ ಕರೀಬೇಕಾದ್ರ ಆ ಗೋಡಿಗೆ ಲಟ್ಟಣಿಗಿಲೆ ಎರಡು ಸಲ ಬಡೀತಿದ್ಲು. ಮೂರನೇ ಸಲ ಬಡದ್ಲಂದ್ರ ರೊಟ್ಟಿ ಆರಿದ್ವು ಅಂತ ಅರ್ಥ.

ನಾ ಅಕ್ಷರ ಕಲಿತದ್ದ ಆ ಪ್ರೆಸ್ಸಿನಾಗ. ಅದು ನನ್ನ ಪುಣ್ಯವೋ ಕರ್ಮವೋ ಗೊತ್ತಿಲ್ಲ. ಅಚ್ಚಿನ ಮೊಳಿ ಮ್ಯಾಲ ಅಕ್ಷರ ಹಿಂದಮುಂದಾಗಿ ಇರತಾವ. ನಾ ಅವನ್ನ ನೋಡಿ ನೋಡಿ ಹಂಗ ಕಲಿತೆ. ಒಂದನೇತ್ತಾಗ ಪಾಟಿ ಮ್ಯಾಲ ‘ಗಣಪ’ ಅಂತ ಬರದ್ರ ಮಾಸ್ತರು ಪಾಟಿ ತಿರುಗಿಸಿ, ತಮ್ಮ ತಲಿ ತಿರುಗಿಸಿ, ಕಡಿಗೆ ನನ್ನ ಕಿವಿ ತಿರುಗಿಸಿದ್ರು. ಮುಂದ ಮೂವತ್ತು ವರ್ಷ ಹೈಸ್ಕೂಲಿನಾಗ ನಾನ ಕನ್ನಡ ಕಲಿಸಿದೆ ಅಂದ್ರ ಆ ಮಾಸ್ತರು ನಂಬತಿರಲಿಲ್ಲ ಅನಸತೈತಿ.

ಅಪ್ಪನ ಪ್ರೆಸ್ಸಿಗೆ ಅನ್ನ ಹಾಕಿದ್ದು ನಾಟಕ. ಸುಗ್ಗಿ ಮುಗೀತಂದ್ರ ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರ ಕಡಿಯ ಹಳ್ಳಿಯವ್ರು ಹ್ಯಾಂಡಬಿಲ್ ಮಾಡಸಾಕ ನಮ್ಮಲ್ಲಿಗೇ ಬರತಿದ್ರು. ನಮ್ಮ ಕಡಿ ನಾಟಕಕ್ಕ ಒಂದ ಹೆಸರು ಸಾಲೂದಿಲ್ಲ, ಅದು ನಿಮಗೂ ಗೊತ್ತೈತಿ. ‘ಸೊಸೆ ಒಲ್ಲದ ಸೀರೆ’ ಅಂತಿಟ್ರ ಮುಂದ ‘ಅರ್ಥಾತ್ ಅತ್ತೆಗೆ ಬಂದ ಅರಿವು’ ಅಂತ ಹಚ್ಚಲೇಬೇಕು. ಅರ್ಥಾತ್ ಇಲ್ಲದ ನಾಟಕ ಅಂದ್ರ ವಗ್ಗರಣಿ ಇಲ್ಲದ ಸಾರು. ನಾಟಕ ಬರದಾವ ಒಕ್ಕಲಿಗ ಇರಲಿ, ಕುರಿ ಕಾಯಾವ ಇರಲಿ, ಆತಗ ಹ್ಯಾಂಡಬಿಲ್ಲಿನಾಗ ‘ಕವಿಗಳು’ ಅಂತಲೇ ಹಾಕಬೇಕು. ಊರಾಗೂ ಅವತ್ತಿನಿಂದ ಆತ ಕವಿಗಳ. ಹೆಂಡ್ತಿ ಸುದ್ದಾ ಕವಿಗಳು ಉಂಡ್ರು, ಕವಿಗಳು ಮಕ್ಕೊಂಡ್ರು ಅಂತಿದ್ಲು.

ಎಷ್ಟು ಊರು, ಎಷ್ಟು ಕವಿಗಳು. ಹೆಸರು ಬಡಕೊಳ್ಳದ ಇರತಾವೇನು? ಒಂದ ಸುಗ್ಗಿಯಾಗ ಅಕ್ಕಪಕ್ಕದ ಎರಡು ಊರಾಗ ಒಂದ ಹೆಸರಿನ ನಾಟಕ ಬಂದ್ರ ಮಂದಿ, ಅದನ್ನ ಹೋದ ವಾರ ನೋಡೇವಲ್ಲ ಅಂತ ಎರಡನೇದಕ್ಕ ಹೋಗತಿರಲಿಲ್ಲ. ಪಾಪ, ಎರಡನೇ ಊರಿನವ್ರು ಮೂರು ತಿಂಗಳು ತಾಲೀಮು ಮಾಡಿದ್ದು ನೀರಾಗ ಹೋಮ. ಅದಕ್ಕ ಅಪ್ಪ ಒಂದು ಪದ್ಧತಿ ಮಾಡಿದ್ದ. ಪ್ರೆಸ್ಸಿನ ಗೋಡಿಗೆ ನಾಕು ಕೊಕ್ಕಿ ತಂತಿ ತೂಗಹಾಕಿದ್ದ. ಮುಂಡರಗಿಗೊಂದು, ಶಿರಹಟ್ಟಿಗೊಂದು, ಲಕ್ಷ್ಮೇಶ್ವರದ ಕಡಿಗೊಂದು, ಗದಗ-ಬೆಟಗೇರಿಗೊಂದು. ಅಚ್ಚಾದ ಪ್ರತಿಯೊಂದು ಹ್ಯಾಂಡಬಿಲ್ಲಿನ ಒಂದು ಪ್ರತಿ ಆ ಊರಿನ ತಂತಿಗೆ ಚುಚ್ಚತಿದ್ದ. ಚುಚ್ಚಿ, "ಆತು. ಇನ್ನ ಯಾರೂ ಮುಟ್ಟಂಗಿಲ್ಲ" ಅಂತಿದ್ದ.

ಹೊಸಾ ನಾಟಕದವ್ರು ಬಂದ್ರ ಮೊದಲ ಕುಂಡ್ರಿಸಿ ಚಾ ಕೊಡೂದು, ಆಮ್ಯಾಲ ನಾಕೂ ತಂತಿ ಇಳಿಸಿ ಒಂದೊಂದ ಹಾಳಿ ಎತ್ತಿ ನೋಡೂದು. ಹೆಸರು ತಂತಿ ಮ್ಯಾಲ ಇದ್ದು ಆ ನಾಟಕ ಇನ್ನ ಆಡಿಲ್ಲಂದ್ರ ಮಾತ ಮುಗೀತು, ಬ್ಯಾರೆ ಹೆಸರು ಹುಡುಕ್ರಿ. ಆಡಿ ಮುಗಿಸಿ ದೇವರಿಗೆ ಕಾಯಿ ಒಡದಿದ್ರ, ಆ ಕವಿಗಳ ಊರಿಗೆ ಹೋಗಿ ಎಲಿ, ಅಡಿಕಿ, ಕಾಯಿ ಮುಂದಿಟ್ಟು ಕೇಳ್ರಿ. ಕಾಯಿ ತಗೊಂಡ್ರ ಹೂಂ ಅಂತ ಅರ್ಥ. ಆವಾಗ ಬ್ಯಾರೆ ಅರ್ಥಾತ್ ಹಚ್ಚಿ ಅದ ಹೆಸರು ಬಳಸ್ರಿ. ಇದನ್ನ ಯಾವ ಸರಕಾರವೂ ಅಪ್ಪಗ ಹೇಳಿರಲಿಲ್ಲ. ಅಂವ ಕಲಿತದ್ದು ಏಳನೇತ್ತ. ಆದ್ರೂ ನಾಕೂ ಕಡಿಯವ್ರು ಅಂವನ ಮಾತು ಮೀರತಿರಲಿಲ್ಲ.

ಒಬ್ಬರು ಮಾತ್ರ ಮೀರಾಕ ನೋಡಿದ್ರು. ನನಗಾಗ ಒಂಬತ್ತೋ ಹತ್ತೋ ವರ್ಷ. ಲಕ್ಷ್ಮೇಶ್ವರ ಕಡಿಯ ಒಬ್ಬ ಸಾಹುಕಾರ್ರು ಜೀಪಿನಾಗ ಬಂದ್ರು. ನಮ್ಮ ಓಣಿಗೆ ಜೀಪು ಬಂದದ್ದ ದೊಡ್ಡ ಖಬರ. ಅವರ ನಾಟಕಕ್ಕ ಮೂರು ಬಣ್ಣದ ಪೋಸ್ಟರ್, ಚೀಲಗಟ್ಟಲೆ ಹ್ಯಾಂಡಬಿಲ್, ಮುಂದಿನ ವರ್ಷದ ಕೆಲಸಾನೂ ನಿಮಗೇ ಅಂದ್ರು. ಅವರು ಹೇಳಿದ ಹೆಸರು ಮಾತ್ರ ಮುಂಡರಗಿ ತಂತಿ ಮ್ಯಾಲ ಮೊದಲ ಇತ್ತು, ಯಾರೋ ಬಡವ್ರ ಸಣ್ಣ ಗುಲಾಬಿ ಹ್ಯಾಂಡಬಿಲ್ಲಿನಾಗ. ಅವ್ವ ಪ್ರೆಸ್ಸಿನ ಬಾಗಲದಾಗ ಬಂದು ನಿಂತು, ಹೂಂ ಅನ್ನು ಅಂತ ಅಪ್ಪಗ ಕಣ್ಸನ್ನಿ ಮಾಡಿದ್ಲು. ಅಪ್ಪ ಅಕಿ ಕಡಿ ನೋಡಲೇ ಇಲ್ಲ. "ಸಾಹುಕಾರ್ರ, ನೀವು ದೊಡ್ಡವ್ರು, ಖರೆ. ಆದ್ರ ಹೆಸರು ತಂತಿ ಮ್ಯಾಲ ಐತಿ" ಅಂದ. ಜೀಪು ಹೋತು, ಕೆಲಸಾನೂ ಹೋತು. ಆ ದೀಪಾವಳಿಗೆ ನಮಗ ಯಾರಿಗೂ ಹೊಸಾ ಅರಿವಿ ಬರಲಿಲ್ಲ. ಯಾವ ಹೆಸರಿನ ಸಲುವಾಗಿ ಇದೆಲ್ಲಾ ಆತು ಅನ್ನೂದು ನನಗ ನೆನಪ ಉಳೀಲಿಲ್ಲ. ಲಂಗ ಬರಲಿಲ್ಲ ಅನ್ನೂದಷ್ಟ ಉಳೀತು.

ಈಗ ನನ್ನ ಪುಸ್ತಕಕ್ಕ ಬರತೇನಿ. ನೌಕರಿ ಮುಗದ ಮ್ಯಾಲ ಸುಮ್ಮನ ಕುಂಡ್ರಲಾರದ ಬಾಲ್ಯದ್ದು, ಪ್ರೆಸ್ಸಿಂದು, ಅವ್ವನ ಲಟ್ಟಣಿಗಿದು ಎಲ್ಲಾ ಬರದೆ. ಅದು ಪುಸ್ತಕ ಆಗೂವಷ್ಟಾತು. ಹೆಸರಿಗೆ ಯೋಚನಿ ಮಾಡಲೇ ಇಲ್ಲ, ತಾನ ಬಂತು: ‘ಎರಡು ಬಾಗಿಲ ಮನಿ’. ಎಂಥಾ ಹೆಸರು ಹೊಳೀತಲ್ಲ ನನಗ ಅಂತ ಎರಡು ದಿನ ಒಬ್ಬಾಕಿನ ನಕ್ಕೋತ ಅಡ್ಡಾಡಿದೆ. ಮುಖಪುಟ ಅಚ್ಚಾಗಿ ಬಂತು. ಒಳಗಿನ ಹಾಳಿ ಇನ್ನೇನು ಅಚ್ಚಿಗೆ ಹೋಗಬೇಕು. ಅಷ್ಟರಾಗ ನಮ್ಮನಿಯವ್ರು, ಹಳೇದೊಂದು ಹ್ಯಾಂಡಬಿಲ್ಲಿನ ಫೋಟೋ ಪುಸ್ತಕದಾಗ ಹಾಕಿದ್ರ ಚೆಂದ ಅಂದ್ರು. ನಾವೀಗ ಇರೂದು ಅಪ್ಪನ ಮನಿಯಾಗ, ಪ್ರೆಸ್ಸಿದ್ದ ಖೋಲಿಯಾಗ ಆ ನಾಕು ತಂತಿ ಇನ್ನೂ ತೂಗತಾವ. ಮುಂಡರಗಿ ತಂತಿ ಇಳಿಸಿದೆ. ಧೂಳು ಝಾಡಿಸಿ ಹಾಳಿ ಎತ್ತಿಕೋತ ಹೋದೆ. ನಡುವ ಒಂದು ಗುಲಾಬಿ ಹಾಳಿ. ‘ಎರಡು ಬಾಗಿಲ ಮನೆ ಅರ್ಥಾತ್ ಅಣ್ಣ ಮುಚ್ಚಿದ ಕದ’. ಕವಿಗಳು: ಬಸಣ್ಣೆಪ್ಪ ಬಡಿಗೇರ, ಡೋಣಿ.

ಸಣ್ಣಾಕಿದ್ದಾಗ ಎಷ್ಟೋ ಸಲ ಆ ತಂತಿ ಜೋಡಿ ಆಡೇನಿ, ಆ ಹಾಳಿ ಓದಿರಲೇಬೇಕು. ಹಂಗಾದ್ರ ನನಗ ಹೊಳದದ್ದೆಲ್ಲಿ, ನಾ ಕದ್ದದ್ದು. ಅದೂ ಯಾರ ಮನಿಯಾಗ? ಹೆಸರು ಕದಿಯೂವ್ರನ್ನ ಹೊರಗ ಹಾಕತಿದ್ದ ಮನಿಷ್ಯಾನ ಮನಿಯಾಗ.

ಮರುದಿನ ವಕೀಲರ ಕಡಿಗೆ ಓಡಿದೆ. ವಕೀಲರಂದ್ರ ನನ್ನ ಹಳೇ ವಿದ್ಯಾರ್ಥಿನಿ ಮಂಜುಳಾ, ಗದಗ ಕೋರ್ಟಿನಾಗ ಈಗ ಚಲೋ ಹೆಸರು ಮಾಡ್ಯಾಳ. ಕನ್ನಡದಾಗ ಅಕಿಗೆ ನಾ ಮೂವತ್ತೈದರ ಮ್ಯಾಲ ಎಂದೂ ಹಾಕಿರಲಿಲ್ಲ. ಅದನ್ನ ಅಕಿ ಮರತಿರಲಿ ಅಂತ ದೇವರಿಗೆ ಬೇಡಕೋತ ಕುಂತೆ. ಅಕಿ ಮರತಿದ್ದಿಲ್ಲ, ಆದ್ರ ಭಾಳ ಶಾಂತ ತಿಳಿಸಿ ಹೇಳಿದ್ಲು. ಕಾಪಿರೈಟ್ ಇರೂದು ಬರದ ಕೃತಿಗೆ, ಬರೇ ಹೆಸರಿಗೆ ಅಲ್ಲ. ಎರಡು ಮೂರು ಶಬ್ದ ಜೋಡಿಸಿದ್ದನ್ನ ಯಾರೂ ಬೇಲಿ ಹಾಕಿ ಇಟಗೊಳ್ಳಾಕ ಬರಂಗಿಲ್ಲ. ಹೆಸರನ್ನ ಟ್ರೇಡ್‌ಮಾರ್ಕ್ ಅಂತ ನೋಂದಣಿ ಮಾಡಸಿದ್ರ ಅದು ಬ್ಯಾರೆ ಮಾತು. ಇನ್ನ ಒಬ್ಬರ ಹೆಸರುವಾಸಿ ಕೃತಿ ಇದ ಅಂತ ಮಂದಿ ತಿಳಕೊಂಡು ಮೋಸ ಹೋಗೂವಂಗ ನಮ್ಮದನ್ನ ಮಾರಿದ್ರ, ಅದಕ್ಕೂ ದಾವೆ ಹಾಕಬಹುದು. ಇಲ್ಲೆ ಆತಂದು ನಾಟಕ, ನಿಮ್ಮದು ಪ್ರಬಂಧ, ಯಾರೂ ಮೋಸ ಹೋಗಂಗಿಲ್ಲ. "ಧೈರ್ಯಲೆ ಅಚ್ಚ ಹಾಕಸ್ರಿ ಟೀಚರ್" ಅಂದ್ಲು.

ಮಂದಿ ಮೋಸ ಹೋಗಬಾರದು ಅನ್ನೂದ ಕಾಯ್ದೆಯ ತಿರುಳು ಅಂತ ಮಂಜುಳಾ ದಪ್ಪ ಪುಸ್ತಕ ತಗದು ತೋರಿಸಿದಾಗ ನನಗ ಅಪ್ಪನ ನೆನಪಾತು. ಅಂವ ಅದನ್ನ ನಾಕು ತಂತಿಯಾಗ ತೂಗಹಾಕಿದ್ದ. ಅಕಿ ಆಫೀಸಿನ ಪಾವಟಿಗಿ ಇಳಿಯೂವಾಗ ಅಪ್ಪನ ಬಗ್ಗೆ ಭಾಳ ಅಭಿಮಾನ ಬಂತು, ನನ್ನ ಬಗ್ಗೆ ಅಷ್ಟ ನಾಚಿಕಿ ಬಂತು.

ಮನಿಗೆ ಬಂದು ಕಾಯ್ದೆ ನನ್ನ ಕಡಿ ಐತಿ ಅಂತ ಹೇಳಿದೆ. ನಮ್ಮನಿಯವ್ರು ಪೇಪರಿನಿಂದ ತಲಿ ಎತ್ತಲಿಲ್ಲ. "ಕಾಯ್ದೆ ಬಿಟ್ರೂ ನಿಮ್ಮ ಅಪ್ಪ ಬಿಡತಾನೇನು? ಎಲಿ ಅಡಿಕಿ ತಗೊಂಡು ಹೋಗಿ ಬಾ" ಅಂದ್ರು. ಮೂವತ್ತೆಂಟು ವರ್ಷದ ಸಂಸಾರದಾಗ ಅವರು ಹೇಳಿದ್ದನ್ನ ನಾ ವಾದ ಮಾಡದ ಒಪ್ಪಿದ್ದು ಅದೊಂದ ಸಲ.

ಡೋಣಿಯಾಗ ಬಸ್ ಇಳದ ಕೂಡಲೇ ನನಗ ಕಂಡದ್ದು ನನ್ನ ಪುಸ್ತಕದ ಹೆಸರು. ಬಸ್‌ಸ್ಟ್ಯಾಂಡಿನ ಎದುರಿಗೆ ಒಂದು ದೊಡ್ಡ ಫ್ಲೆಕ್ಸ್, ಅದರಾಗ ಆಳೆತ್ತರದ ಅಕ್ಷರದಾಗ ‘ಎರಡು ಬಾಗಿಲ ಮನೆ’. ಕೆಳಗ ಸಾಲಾಗಿ ಪಾತ್ರಧಾರಿಗಳ ಫೋಟೋ, ಅದರಾಗ ಆರು ಮಂದಿ ಹೆಣ್ಣಮಕ್ಕಳು. ಹಿಂದ ಕಪ್ಪತಗುಡ್ಡದ ಮ್ಯಾಲ ಗಾಳಿ ಫ್ಯಾನು ತಮ್ಮ ಪಾಡಿಗೆ ತಿರುಗತಿದ್ವು. ನಾ ಕೈಚೀಲದಾಗಿನ ಕಾಯಿ ಹಿಡಕೊಂಡು ಹಂಗ ನಿಂತೆ.

ಬಸಣ್ಣೆಪ್ಪ ಕವಿಗಳು ಮನಿ ಮುಂದಿನ ಕಟ್ಟಿ ಮ್ಯಾಲ ಕುಂತು ಉಳಿ ಮಸೀತಿದ್ರು. ಎಂಬತ್ತು ದಾಟಿದ ಜೀವ, ಕಣ್ಣು ಮಂದ, ಕೈ ಮಾತ್ರ ನಡಗೂದಿಲ್ಲ. ಬೆಟಗೇರಿ ಪ್ರೆಸ್ಸಿನ ಮಗಳು ಅಂದ ಕೂಡಲೇ ಎದ್ದು ನಿಂತ್ರು. ನಾ ಅವರಿಗೆ ಮಗಳ ವಯಸ್ಸಿನಾಕಿ, ನನಗ ಅವರು ಎದ್ದು ನಿಲ್ಲೂದಂದ್ರೇನು? ಕುಂಡ್ರಿ ಕುಂಡ್ರಿ ಅಂತ ನಾ, ನೀವು ಕುಂಡ್ರಿ ಅಂತ ಅವರು. ಕಡಿಗೆ ಸೊಸಿ ಬಂದು ಇಬ್ರಿಗೂ ಗದರಿಸಿ ಕುಂಡ್ರಿಸಿದ್ಲು. ಚುನಮರಿ, ಚಾ ಬಂತು.

ಹೆಸರು ಹ್ಯಾಂಗ ಹುಟ್ಟಿತು ಅಂತ ಅವರ ಹೇಳಿದ್ರು. ಬಡಿಗತನ ಅವರ ಕಸಬು. ಅಣ್ಣ ತಮ್ಮ ಬ್ಯಾರೆ ಆದ್ರಂದ್ರ ಮೊದಲ ಕರಿಯೂದು ಬಡಿಗನ್ನ. ಗೋಡಿ ಒಡದು ಎರಡನೇ ಬಾಗಲ ಕೂಡಸಬೇಕಲ್ಲ. ಹಂಗ ಎಷ್ಟು ಮನಿಗೆ ಎರಡನೇ ಬಾಗಲ ಕೂಡಸಿದ್ರೋ ಅವರಿಗೇ ಲೆಕ್ಕ ಇಲ್ಲ. ಚೌಕಟ್ಟು ನಿಲ್ಲಸೂವಾಗ ಒಳಗ ಒಬ್ಬಾಕಿ ಮುದುಕಿ ಸೆರಗ ಬಾಯಿಗೆ ಒತ್ತಿಕೊಂಡು ಕುಂತಿರತಿದ್ಲಂತ, ಎಲ್ಲಾ ಮನಿಯಾಗೂ. ಒಂದ ದಿನ ಕೆಲಸದಿಂದ ಬಂದಾವ ಉಳಿ ಇಟ್ಟು ಪೆನ್ಸಿಲ್ ತಗೊಂಡೆ ಅಂದ್ರು. ನನ್ನ ಎರಡು ಬಾಗಲದಾಗ ಒಂದ್ರಿಂದ ವಗ್ಗರಣಿ ವಾಸನಿ, ಇನ್ನೊಂದ್ರಿಂದ ಶಾಯಿ ವಾಸನಿ. ಅವರ ಎರಡು ಬಾಗಲದ ನಡುವ ಆ ಮುದುಕಿ. ನಾ ಬರದದ್ದೆಲ್ಲಾ ಆಗ ಭಾಳ ಹಗುರ ಅನಸ್ತು.

ಆದ್ರೂ ಬಂದ ಕೆಲಸ ಬಿಡಾಕ ಆಗಂಗಿಲ್ಲ. ಎಲಿ ಅಡಿಕಿ ಕಾಯಿ ತಗದು ಅವರ ಮುಂದಿಟ್ಟು ಕೇಳಿದೆ. ಅವರು ಕಾಯಿ ಎತ್ತಿ ಹಣಿಗೆ ಹಚ್ಚಿಕೊಂಡ್ರು. ನನಗ ಹೋದ ಜೀವ ಬಂದಂಗಾತು. ಆಮ್ಯಾಲ ಆ ಕಾಯಿ ಸಾವಕಾಶ ನನ್ನ ಚೀಲದಾಗ ಹೊಳ್ಳಿ ಇಟ್ರು.

"ಸಿಟ್ಟಾಗಬ್ಯಾಡ್ರಿ ತಂಗೆವ್ವಾ, ಕೊಡಾಕ ಬರಂಗಿಲ್ಲ" ಅಂದ್ರು. "ಆವಾಗ ಗಂಡಸರು ಆಡಿದ್ದ ನಾಟಕಕ್ಕ ಈ ಸುಗ್ಗಿಗೆ ನಮ್ಮೂರ ಹೆಣ್ಣಮಕ್ಕಳು ತಾವ ಬಣ್ಣ ಹಚ್ಚಾಕತ್ತಾರ. ಈ ಸಲದ ಆಟ ಇನ್ನ ಆಗಿಲ್ಲ, ಕಾಯಿ ಒಡದಿಲ್ಲ. ಆ ಸಾಹುಕಾರ್ರು ಜೀಪ ತಗೊಂಡು ಬಂದಾಗ ನಿಮ್ಮ ಅಪ್ಪಾರು ಇಲ್ಲ ಅಂದು ನನಗ ಉಳಿಸಿಕೊಟ್ಟ ಹೆಸರದು. ಅವರ ಮಗಳು ಅಂತ ಇವತ್ತ ನಾ ಹೂಂ ಅಂದ್ರ, ಅವರ ಮಾತ ಸುಳ್ಳ ಮಾಡಿದಂಗ ಆಗತೈತಿ."

ಆ ದೀಪಾವಳಿಯ ಲಂಗ ಹೋದದ್ದು ಈ ಹೆಸರಿನ ಸಲುವಾಗಿ ಅಂತ ಅವತ್ತ ಗೊತ್ತಾತು.

ಹೊಳ್ಳಿ ಬರೂವಾಗ ಬಸ್ಸಿನಾಗ ನನಗ ಸಿಟ್ಟು ಬಂತು, ಖರೆ ಹೇಳತೇನಿ. ಕಾಯ್ದೆ ಹೂಂ ಅಂದೈತಿ, ವಕೀಲಿ ಹೂಂ ಅಂದಾಳ, ಈ ಮುದುಕ ಯಾರು ಇಲ್ಲ ಅನ್ನಾಕ? ಅಚ್ಚ ಹಾಕಿದ್ರ ಏನ ಮಾಡತಾನ? ಏನೂ ಮಾಡತಿರಲಿಲ್ಲ. ಅದಕ್ಕ ಇನ್ನಷ್ಟು ಸಿಟ್ಟು ಬಂತು. ಗದಗ ಹತ್ತರ ಬರೂದರಾಗ ಸಿಟ್ಟು ಇಳದು, ಕಣ್ಣಾಗ ನೀರು ಬಂತು. ಅಪ್ಪ ಹೋಗಿ ಇಪ್ಪತ್ತು ವರ್ಷ ಆತು. ಪ್ರೆಸ್ಸಿನ ಮಷೀನು ಗುಜರಿಗೆ ಹೋತು. ಆದ್ರ ಅಂವ ಹಾಕಿದ ಪದ್ಧತಿ ಡೋಣಿಯಾಗ ಒಬ್ಬ ಬಡಿಗನ ಬಾಯಾಗ ಇನ್ನೂ ಜೀವಂತ ಐತಿ, ಮತ್ತ ಅಂವನ ಸ್ವಂತ ಮಗಳಿಗೂ ರಿಯಾಯತಿ ಇಲ್ಲ. ಹಿಂತಾ ಅಪ್ಪ ಯಾರಿಗರೆ ಇದ್ದಾನೇನು ಅಂತ ಬಸ್ಸಿನಾಗ ಎದ್ದು ನಿಂತು ಕೇಳಬೇಕು ಅನಸ್ತು. ಕಂಡಕ್ಟರ್ ಬೆಟಗೇರಿ ಬಂತ್ರಿ ಅಂದದ್ದಕ್ಕ ಉಳಕೊಂಡ್ರು ಮಂದಿ.

ಪುಸ್ತಕ ‘ಬೆಟಗೇರಿ ದಿನಗಳು’ ಅಂತ ಹೊರಗ ಬಂತು. ಹೆಸರು ಇಟ್ಟವ್ರು ನಮ್ಮನಿಯವ್ರು. ಇದನ್ನಂತೂ ಯಾರೂ ಎಲಿ ಅಡಿಕಿ ಹಿಡಕೊಂಡು ಕೇಳಾಕ ಬರೂದಿಲ್ಲ, ನಿಶ್ಚಿಂತಿ. ಹಳೇ ಮುಖಪುಟ ಒಂದು ದೊಡ್ಡ ಗಂಟು ಉಳೀತು. ಒಗ್ಯಾಕ ಮನಸ ಬರಲಿಲ್ಲ, ಬೆನ್ನ ಮ್ಯಾಲ ಕಿರಾಣಿ ಚೀಟಿ ಬರಿಯಾಕ ಚಾಲೂ ಮಾಡಿದೆ. ಮಲ್ಲಪ್ಪನೂ ಚೀಟಿ ಎಲ್ಲಾ ಒಂದು ತಂತಿಗೆ ಚುಚ್ಚಿ ಇಡತಾನ. ಹಿಂಗಾಗಿ ನನ್ನ ಹೆಸರೂ ತಂತಿ ಏರಿತು, ಬ್ಯಾಳಿ ಸಕ್ರಿ ಜೋಡಿ.

ಹೋದ ತಿಂಗಳ ಒಂದ ಮಧ್ಯಾಹ್ನ ಬಾಗಲ ಬಡದ ಸಪ್ಪಳಾತು. ಮನಿ ಬಾಗಲಲ್ಲ, ಪ್ರೆಸ್ಸಿನ ಬಾಗಲ. ಅದನ್ನ ಬಡೀದ ಎಷ್ಟೋ ವರ್ಷ ಆಗಿತ್ತು. ತಗದ್ರ ಬಸಣ್ಣೆಪ್ಪ ಕವಿಗಳು, ಒಬ್ರ, ಬಗಲಾಗ ಅರಿವಿ ಚೀಲ. ಆ ಕಣ್ಣು ತಗೊಂಡು ಡೋಣಿಯಿಂದ ಬಸ್ ಹತ್ತಿ ಬಂದಿದ್ರು. ಕುಂಡ್ರೂಕಿಂತ ಮೊದಲ ಚೀಲದಿಂದ ಎಲಿ, ಅಡಿಕಿ, ಕಾಯಿ ತಗದು ನನ್ನ ಮುಂದ ಹಿಡದ್ರು.

"ನಾಟಕ ಆತು ತಂಗೆವ್ವಾ. ಕಾಯಿ ಒಡದೇವಿ. ಇನ್ನ ಹೆಸರು ನಿಮ್ಮದು" ಅಂದ್ರು. ನಡುವ ಶಿರಹಟ್ಟಿ ಕಡಿಯ ಒಂದು ಸಂಘದವ್ರು ಬಂದು ಅದ ಹೆಸರು ಕೇಳಿದ್ರಂತ. ಮೊದಲ ಕೇಳಿದವ್ರು ಒಬ್ರು ಅದಾರ, ಅವರದು ಮುಗದ ಮ್ಯಾಲ ಬರ್ರಿ ಅಂತ ಹೇಳಿ ಕಳಿಸ್ಯಾರ.

ನನ್ನ ಪುಸ್ತಕ ಬ್ಯಾರೆ ಹೆಸರಿನಾಗ ಬಂದು ಮುಗೀತ್ರಿ ಅಂತ ಹೇಳಾಕ ನಮ್ಮನಿಯವ್ರು ಬಾಯಿ ತಗದ್ರು. ನಾ ಅವ್ವನಂಗ ಕಣ್ಸನ್ನಿ ಮಾಡಿದೆ. ಇವರು ಅಪ್ಪನಂಗ ಅಲ್ಲ, ಸುಮ್ಮನಾದ್ರು. ಕಾಯಿ ತಗೊಂಡು ಹಣಿಗೆ ಹಚ್ಚಿಕೊಂಡೆ. ಅರ್ಥಾತ್ ಏನ ಹಚ್ಚಲಿ ಅಂತ ಅವರನ್ನ ಕೇಳಿದೆ. ಅವರು ನಕ್ಕರು. "ಹೆಸರು ಕೊಡಾಕ ಬರತೈತಿ ತಂಗೆವ್ವಾ. ಅರ್ಥಾತ್ ಕೊಡಾಕ ಬರಂಗಿಲ್ಲ. ಅದನ್ನ ನೀವ ಹುಡುಕಬೇಕು."

ಚಾ ಕುಡದ್ರು. ಕುಡದ್ರೂ ಏಳಲಿಲ್ಲ. ಗೋಡಿ ಕಡಿ ನೋಡಿದ್ರು. ತಂತಿ ತೂಗಹಾಕಿದ ಆ ಕಟಗಿ ಪಟ್ಟಿ ತಾವ ಮಾಡಿಕೊಟ್ಟದ್ದು ಅಂದ್ರು. ಆಮ್ಯಾಲ, ಒಂದ ಸಲ ತಂತಿಗೆ ಚುಚ್ಚಿಬಿಡ್ರಿ, ನೋಡಿ ಹೋಗತೇನಿ ಅಂದ್ರು. ಗಂಟಿನಾಗಿಂದ ಒಂದು ಮುಖಪುಟ ತಂದೆ. ಗದಗ-ಬೆಟಗೇರಿ ತಂತಿ ಇಳಿಸಿದೆ. ಹಾಳಿ ದಪ್ಪ, ಮೊದಲ ಸಲ ಹೋಗಲಿಲ್ಲ. ಅವರು ತಮ್ಮ ಬಡಿಗನ ಕೈ ನನ್ನ ಕೈ ಮ್ಯಾಲ ಇಟ್ಟು ಒತ್ತಿದ್ರು. ಹೋತು.

"ಆತು. ಇನ್ನ ಯಾರೂ ಮುಟ್ಟಂಗಿಲ್ಲ" ಅಂದ್ರು ಬಸಣ್ಣೆಪ್ಪ ಕವಿಗಳು.

ಉಳಿದ ಮುಖಪುಟ ಎಲ್ಲಾ ಅವತ್ತ ಹಳೇ ಸೀರಿಯಾಗ ಕಟ್ಟಿ ಕಪಾಟಿನ ಮ್ಯಾಲ ಇಟ್ಟೆ. ಕೂಸು ಹುಟ್ಟೂಕಿಂತ ಮೊದಲ ಕುಲಾವಿ ಅಂತ ನಮ್ಮನಿಯವ್ರು ನಗತಾರ. ನಗಲಿ. ಅಪ್ಪನ ಪದ್ಧತಿ ಪ್ರಕಾರ ನಂದು ಮುಗಿಸಿ ನಾ ಕಾಯಿ ಒಡಿಯೂತನಕ ಆ ಹೆಸರು ಮತ್ತೊಬ್ಬರಿಗೆ ಸಿಗಂಗಿಲ್ಲ. ಹಿಂಗಾಗಿ ದಿನಾ ಮುಂಜಾನೆ ಪ್ರೆಸ್ಸಿನ ಬಾಗಲ ತಗದು, ತಂತಿ ಕೆಳಗ ಕುಂತು ಆ ಹೆಸರಿಗೊಂದು ಹೊಸಾ ಪುಸ್ತಕ ಬರಿಯಾಕತ್ತೇನಿ. ಶ್ಯಾಣೇತನ ಮಾಡಿ ತಡಾ ಮಾಡಾಕ ಬರಂಗಿಲ್ಲ. ಶಿರಹಟ್ಟಿಯವ್ರು ಕಾಯಾಕತ್ತಾರ.